ಬೇಲಿಯ ಬಾಗಿಲು ತಟ್ಟದವನು

ಬಹಳ ಬಹಳ ಹಿಂದೆ, ಏಳು ಬೆಟ್ಟ ದಾಟಿ ಎಂಟನೆಯದರ ನೆರಳಿನಲ್ಲಿ, ಬೇಲಿಗೂ ಬಾಗಿಲುಂಟು ಎಂದು ನಂಬಿದ್ದ ಒಂದು ರಾಜ್ಯವಿತ್ತು. ಅಲ್ಲಿ ಹೆದ್ದಾರಿಯ ಎರಡೂ ಬದಿಗೆ ಲಕ್ಕಿ, ಕಾರೆ, ಸೀಗೆಗಳ ಬೇಲಿ ಆಳೆತ್ತರ ಬೆಳೆದಿತ್ತು. ವರ್ಷಕ್ಕೊಮ್ಮೆ, ದೀಪಾವಳಿ ಕಳೆದ ಮೇಲೆ, ಅದನ್ನು ಸವರುತ್ತಿದ್ದರು. ಸವರುವವನು ಮೊದಲು ಕೋಲಿನಿಂದ ಮೂರು ಸಲ ತಟ್ಟಿ, "ಒಳಗೆ ಯಾರಾದರೂ ಇದ್ದೀರಾ?" ಎಂದು ಕೇಳಬೇಕು. "ಇದ್ದೇವೆ" ಎಂದು ಉತ್ತರ ಬಂದರೆ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋಗಬೇಕು. ಆ ರಾಜ್ಯದ ಹಕ್ಕಿಗಳಿಗೆ ಮಾತು ಬರುತ್ತಿತ್ತು, ಸುಳ್ಳು ಬರುತ್ತಿರಲಿಲ್ಲ. ಹಾಗಾಗಿ ಕೆಲಸ ಸುಲಭವಾಗಿತ್ತು.

ಈ ಕೆಲಸ ಸಣ್ಣೀರನದು. ಅವನ ಅಪ್ಪನೂ ಅಜ್ಜನೂ ಅದನ್ನೇ ಮಾಡಿದ್ದರು. ಅವನ ಹೆಂಡತಿ ಹೊನ್ನಿ ಆಗ ತುಂಬು ಬಸುರಿ.

ಒಂದು ವೈಶಾಖದಲ್ಲಿ ಮಟ್ಟಸ ಎಂಬ ಮಾಟಗಾರ ಬಂದು ಮಹಾರಾಜರ ಆಸ್ಥಾನ ಸೇರಿಕೊಂಡ. ಒಂದಕ್ಕಿಂತ ಒಂದು ಎತ್ತರವಾಗಿದ್ದರೆ ಅವನು ಸಹಿಸುತ್ತಿರಲಿಲ್ಲ. ಚಂದ್ರನ ಆಕಾರ ಮಾತ್ರ ಒಪ್ಪಿಗೆಯಾಗಿತ್ತು, ಅದೂ ತಿಂಗಳಿಗೆ ಒಂದೇ ದಿನ. ಮಹಾರಾಜರ ವರ್ಧಂತಿಗೆ ಹದಿನೈದು ದಿನವಿರುವಾಗ ಅವನು ಸಣ್ಣೀರನನ್ನು ಕರೆಸಿ, ತಲೆಗೆ ಕೆಂಪು ರುಮಾಲು ಸುತ್ತಿ, ಕೈಗೆ ಬೆಳ್ಳಿಯ ಕುಡುಗೋಲು ಕೊಟ್ಟ.

"ಮೆರವಣಿಗೆ ಹೋಗುವ ದಾರಿ. ಮೊಣಕಾಲೆತ್ತರಕ್ಕೆ ಸವರು. ತಟ್ಟುವುದು, ಕೇಳುವುದು ಏನೂ ಬೇಡ. 'ಒಳಗೆ ಯಾರೂ ಇಲ್ಲ' ಎಂದರೆ ಸಾಕು, ಕುಡುಗೋಲು ತಾನೇ ಸವರುತ್ತದೆ."

"ಬುದ್ಧೀ, ಇದು ವೈಶಾಖ. ಗೂಡು ಕಟ್ಟೋ ಕಾಲ."

"ಮಹಾರಾಜರು ಹುಟ್ಟಿದ್ದೂ ವೈಶಾಖದಲ್ಲೇ. ಯಾರನ್ನು ಮುಂದಕ್ಕೆ ಹಾಕೋಣ, ಹೇಳು?"

ಸಣ್ಣೀರ ರುಮಾಲನ್ನು ಮುಟ್ಟಿ ನೋಡಿಕೊಂಡ. ನಿಜ ಹೇಳಬೇಕೆಂದರೆ, ರುಮಾಲು ತಲೆಗೆ ಚೆನ್ನಾಗಿ ಕೂತಿತ್ತು.

"ಒಳಗೆ ಯಾರೂ ಇಲ್ಲ" ಎಂದ. ಕುಡುಗೋಲು ಹಾರಿತು. ಮಧ್ಯಾಹ್ನದ ಹೊತ್ತಿಗೆ ಮೂರು ಹರದಾರಿ ಬೇಲಿ ಗೋಡೆಯ ಹಾಗೆ ಸಮನಾಯಿತು, ಕುಡುಗೋಲು ಮಟ್ಟಸನ ಕೈಗೆ ಮರಳಿತು. ನಡುವೆ ಏನೋ ಕೂಗಿದ್ದು ಕೇಳಿಸಿತು. ಗಾಳಿಯಿರಬೇಕು ಎಂದುಕೊಂಡ. ಅಂದು ಗಾಳಿ ಇರಲಿಲ್ಲ.

ಕೊನೆಯ ಮೋಟಿನ ಮೇಲೆ ಒಂದು ಪಿಕಳಾರ ಹಕ್ಕಿ ಕೂತಿತ್ತು. "ಸಣ್ಣೀರಾ, ತಟ್ಟಿದೆಯಾ?"

"ತಟ್ಟಿದೆ."

"ಒಳ್ಳೆಯದು. ನೀನು ತಟ್ಟಿದ ಹಾಗೆಯೇ ನಿನ್ನ ಬಾಗಿಲೂ ತೆರೆಯಲಿ" ಎಂದಿತು ಹಕ್ಕಿ.

ಸಣ್ಣೀರ ಮನೆಗೆ ಬಂದ. ಬಾಗಿಲು ತೆರೆಯಲಿಲ್ಲ. ಹೊರಗಿನಿಂದ ಅವನು ನೂಕಿದ, ಒಳಗಿನಿಂದ ಹೊನ್ನಿ ಎಳೆದಳು. ಪಕ್ಕದ ಮನೆಯ ಸೂಲಗಿತ್ತಿ ಮಾಕಮ್ಮ ಬಂದು ಬೆರಳಿಟ್ಟಳು, ತೆರೆಯಿತು. ಸಣ್ಣೀರ ಹೊಸ್ತಿಲಿಗೆ ಬಂದ, ಮುಚ್ಚಿತು.

"ಏನು ಮಾಡಿ ಬಂದ್ಯೋ?" ಎಂದಳು ಮಾಕಮ್ಮ.

"ಏನಿಲ್ಲ."

"ಏನಿಲ್ಲದ್ದಕ್ಕೆ ಬಾಗಿಲು ಮುನಿಸಿಕೊಳ್ಳುತ್ತಾ?"

ಒಳಗಿನಿಂದ ಹೊನ್ನಿ ಹೇಳಿದಳು: "ಯಾರಿಗೆ ತಪ್ಪು ಮಾಡಿದ್ರೋ ಅವರ ಹತ್ರ ಹೋಗಿ. ಮಗು ನಿಮಗಾಗಿ ಕಾಯ್ತಾ ಕೂರಲ್ಲ."

ಸಣ್ಣೀರ ಹಕ್ಕಿಯ ಬಳಿಗೆ ಓಡಿದ. ಅದು ಕಡಿದ ಕೊಂಬೆಗಳ ಅಡಿಯಲ್ಲಿ ಮೂರು ಮರಿಗಳನ್ನು ತೋರಿಸಿತು. ಮೈಮೇಲೆ ಪುಕ್ಕವಿರಲಿಲ್ಲ. "ಮೂರು ಹರದಾರಿಯಲ್ಲಿ ಉಳಿದದ್ದು ಇವಿಷ್ಟೇ. ಇವು ಹಾರುವವರೆಗೆ ನೀನೇ ಬೇಲಿ."

ಕೆಂಪು ರುಮಾಲು ಗೂಡಾಯಿತು. ಸಣ್ಣೀರ ಅದನ್ನು ತಲೆಯ ಮೇಲಿಟ್ಟುಕೊಂಡು, ಎರಡೂ ಕೈಗಳನ್ನು ಕೊಂಬೆಗಳಂತೆ ಚಾಚಿ ನೆರಳು ಮಾಡಿ ದಾರಿಯ ಬದಿಗೆ ನಿಂತ.

ಮೊದಲನೆಯ ಪರೀಕ್ಷೆ ಬಿಸಿಲಿನದು ಎಂದುಕೊಂಡಿದ್ದ. ಬಿಸಿಲಿಗಿಂತ ಹೆಚ್ಚು ಸುಟ್ಟಿದ್ದು ದಾರಿಹೋಕರ ಕಣ್ಣು. "ಇದೇನೋ ಸಣ್ಣೀರ, ಹಕ್ಕಿ ಹೆದರಿಸೋಕೆ ನಿಂತ್ಯಾ?" ಎಂದು ಗಾಡಿಯವರು ನಕ್ಕರು. "ಹರಕೆ" ಎಂದ ಸಣ್ಣೀರ. ಮರುದಿನ ಯಾರೋ ಅವನ ಪಾದಕ್ಕೆ ಹೂವಿಟ್ಟರು. ಅದರ ಮರುದಿನ ತೆಂಗಿನಕಾಯಿ ಬಂತು. ಒಬ್ಬ ಅಜ್ಜಿ ತಾನೂ ಹೂವಿಟ್ಟು, "ಇಂಥ ಪುಣ್ಯವಂತ ನಮ್ಮ ಕಾಲದಲ್ಲೂ ಇರಲಿಲ್ಲ" ಎಂದು ಕಣ್ಣೊರೆಸಿಕೊಂಡಳು. ಅವನು ನೆಲ ನೋಡಿದ. ಅದನ್ನೂ ಭಕ್ತಿ ಎಂದೇ ತಿಳಿದರು.

ಎರಡನೆಯದು ಹಾವಿನದು. ಎರಡು ತಲೆಯ ಮಾಯಾ ಕೇರೆಹಾವು ಬಂತು. ಅದರ ಒಂದು ತಲೆ ತಿನ್ನುತ್ತಿತ್ತು, ಇನ್ನೊಂದು ಮರ್ಯಾದೆಯಾಗಿ ಮಾತಾಡುತ್ತಿತ್ತು. "ನಮಸ್ಕಾರ ಸಣ್ಣೀರಪ್ಪ. ಮೊದಲು ಈ ದಾರಿಯಲ್ಲಿ ಮುಳ್ಳೋ ಮುಳ್ಳು. ನಿಮ್ಮ ದಯೆಯಿಂದ ಅವತ್ತೇ ಹದಿನೇಳು ಗೂಡು ಮುಗಿಸಿದೆ. ಧನ್ಯವಾದ ಹೇಳಿ ಹೋಗೋಣ ಅಂತ ಬಂದೆ. ಮೇಲೆ ಏನೋ ಚಿಂವ್‌ಗುಟ್ಟುತ್ತಿದೆಯಲ್ಲ?" ಸಣ್ಣೀರನ ಮುಖ ರುಮಾಲಿಗಿಂತ ಕೆಂಪಾಯಿತು. ಕಡಿದು ಬಿದ್ದಿದ್ದ ಕಾರೆಮುಳ್ಳನ್ನು ಕಾಲಿನಿಂದಲೇ ಎಳೆದು ಎರಡೂ ಕಾಲಿಗೆ ಸುತ್ತಿಕೊಂಡ. ರಕ್ತ ಇಳಿಯಿತು. ಹಾವು ಮೂರು ಸಲ ಹತ್ತಲು ನೋಡಿ, "ಹಳೆಯ ಪದ್ಧತಿ ಇನ್ನೂ ಬಿಟ್ಟಿಲ್ಲವೇ?" ಎಂದು ಬೇಸರದಿಂದ ಹೊರಟುಹೋಯಿತು.

ಮಾಕಮ್ಮ ದಿನವೂ ಗಂಜಿ ತಂದು ಬಾಯಿಗೆ ಹೊಯ್ಯುತ್ತಿದ್ದಳು. ಹನ್ನೆರಡನೆಯ ದಿನ ಹೇಳಿದಳು: "ಹೆಣ್ಣು ಮಗು. ಮೂಗು ನಿಂದೇ." ಸಣ್ಣೀರನ ಕಣ್ಣಿಂದ ನೀರು ಸುರಿಯಿತು. ಒರೆಸಿಕೊಳ್ಳೋಣವೆಂದರೆ ಕೈ ಇಳಿಸುವ ಹಾಗಿರಲಿಲ್ಲ.

ಹದಿನೈದನೆಯ ದಿನ ಮೆರವಣಿಗೆ ಬಂತು. ಮಹಾರಾಜರ ಆನೆಯ ಮುಂದೆ ಬೆಳ್ಳಿ ಕುಡುಗೋಲು ಹಿಡಿದ ಮಟ್ಟಸ. "ಬೇಲಿಗಿಂತ ಎತ್ತರಕ್ಕೆ ಇದೇನು ನಿಂತಿದೆ?" ಎಂದು ಗುಡುಗಿದ.

"ಯಾರೋ ಹರಕೆ ಹೊತ್ತ ಮಹಾತ್ಮನಂತೆ" ಎಂದರು ಮಹಾರಾಜರು, ಕೈ ಮುಗಿದು.

ಮಟ್ಟಸ ಹತ್ತಿರ ಬಂದು ಪಿಸುಗುಟ್ಟಿದ: "ರುಮಾಲಿನೊಳಗೆ ಯಾರೂ ಇಲ್ಲ ಅಂದುಬಿಡು, ಮಿಕ್ಕದ್ದು ಕುಡುಗೋಲಿಗೆ ಬಿಡು. ನೀನು ಮಹಾತ್ಮನಾಗೇ ಇರುತ್ತೀಯೆ. ಹೊಸ ರುಮಾಲೂ ಸಿಗುತ್ತದೆ."

ಊರೆಲ್ಲ ನೋಡುತ್ತಿತ್ತು. ಹೂವಿಟ್ಟವರು, ಕಾಯಿ ತಂದವರು, ಆ ಅಜ್ಜಿ, ಎಲ್ಲರೂ.

"ಇದ್ದಾರೆ" ಎಂದ ಸಣ್ಣೀರ. "ಇದು ಹರಕೆ ಅಲ್ಲ ಮಹಾಸ್ವಾಮಿ. ಅವತ್ತೂ ಒಳಗೆ ಇದ್ರು. ನಾನು ತಟ್ಟಲಿಲ್ಲ. ಕೂಗಿದ್ದು ಕೇಳಿಸ್ತು, ಗಾಳಿ ಅಂದ್ಕೊಂಡೆ. ಗಾಳಿ ಅಲ್ಲ ಅಂತ ಗೊತ್ತಿತ್ತು."

ಬೆಳ್ಳಿ ಕುಡುಗೋಲು ತುಕ್ಕಾಗಿ ಉದುರಿತು. ಮಟ್ಟಸ ಕುಗ್ಗಿ ಕುಗ್ಗಿ, ಒಂದು ಗಜದ ಅಳತೆಕೋಲಾಗಿ ರಸ್ತೆಗೆ ಬಿದ್ದ. ಅಜ್ಜಿ ಬಂದು ತಾನಿಟ್ಟ ಹೂವನ್ನು ಎತ್ತಿಕೊಂಡು ಹೋದಳು. ಆಗ ಮೂರು ಮರಿಗಳು ರುಮಾಲಿನಿಂದ ಇಣುಕಿ, ಒಂದಾದ ಮೇಲೊಂದು ಹಾರಿದವು.

ಮಹಾರಾಜರ ವರ್ಧಂತಿಯನ್ನು ಕಾರ್ತಿಕಕ್ಕೆ ಹಾಕಲಾಯಿತು. ಅವರಿಗೆ ತೊಂದರೆಯೇನೂ ಆಗಲಿಲ್ಲ, ವಯಸ್ಸು ಆರು ತಿಂಗಳು ಕಡಿಮೆಯಾಯಿತು.

ಸಣ್ಣೀರ ಆ ಅಳತೆಕೋಲನ್ನು ಹಿಡಿದು ಮನೆಗೆ ಹೋಗಿ, ಮೂರು ಸಲ ತಟ್ಟಿದ. "ಒಳಗೆ ಯಾರಾದರೂ ಇದ್ದೀರಾ?"

"ಇದ್ದೇವೆ, ಇಬ್ಬರು" ಎಂದಳು ಹೊನ್ನಿ. ಬೇಲಿಯಾಗಿದ್ದರೆ ಹಿಂದಿರುಗಬೇಕಿತ್ತು. ಮನೆಯಾದ್ದರಿಂದ ಬಾಗಿಲು ತೆರೆಯಿತು.

ಮುಂದಿನ ವೈಶಾಖದಲ್ಲಿ ಅವನು ಕುಡುಗೋಲಿಲ್ಲದೆ, ಸುಮ್ಮನೆ ಕೇಳಿಬರಲು ಹೋದ. ಮೂರು ಹರದಾರಿಯುದ್ದಕ್ಕೂ ತಟ್ಟಿದ. ಉತ್ತರ ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ಎರಡು ಸಲವೂ ತಲೆ ತಗ್ಗಿಸಿ ಮನೆಗೆ ಬಂದು, ಊಟ ಬೇಡ ಎಂದ. ಮೂರನೆಯ ವೈಶಾಖದಲ್ಲಿ ಮಗಳು ಕೋಲು ಕಿತ್ತುಕೊಂಡು, ಮೂರರ ಬದಲು ಮೂವತ್ತು ಸಲ ಬಡಿದಳು.

"ಇದ್ದೇವೆ, ಇದ್ದೇವೆ! ಎಷ್ಟು ಸಲ ಹೇಳೋದು?" ಎಂದು ಬೇಲಿಯೊಳಗಿನಿಂದ ಯಾರೋ ಬೈದರು.

ಎಲ್ಲರೂ ಸುಖವಾಗಿದ್ದದ್ದು ಅಂದಿನಿಂದ.