ನೀರಿಗೆ ಬಿಟ್ಟ ಬಣ್ಣ

ನನ್ನ ಅಡುಗೆಮನೆಯ ಬಟ್ಟಲಿನಲ್ಲಿ ಆ ಕೆಂಪು ಗೆರೆ ಇವತ್ತಿಗೂ ಇದೆ. ಬೇಕಿದ್ದವರು ಬಂದು ನೋಡಬಹುದು.

ಸಿಡ್ನಿಯ ಎಪ್ಪಿಂಗ್‌ನಲ್ಲಿ ಪಕ್ಕದ ಫ್ಲ್ಯಾಟ್ ಖಾಲಿ ಮಾಡುವಾಗ ಚೀನೀ ಆಂಟಿ ನನಗೊಂದು ಹಳೇ ಲಕೋಟೆ ಕೊಟ್ಟರು. ಅದರ ಮೇಲೆ ಅವರ ಊರಿನ ಸಂಗೀತನಾಟಕದ ಸ್ತ್ರೀವೇಷದ ಅಂಚೆಚೀಟಿ: ಬಿಳಿ ಮುಖ, ಕಣ್ಣಿನ ಸುತ್ತ ಕೆಂಪು. ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿರುವ ತಂಗಿ ವಾರಿಜಳ ಮಗಳು ಇಂಚರ ಸ್ಟಾಂಪು ಕೂಡಿಸುತ್ತಾಳೆ. ಅವಳಿಗೆಂದು, ಮಟಮಟ ಮಧ್ಯಾಹ್ನ, ಚೀಟಿ ಬಿಡಿಸಲು ಆ ಬಟ್ಟಲಿನ ಬೆಚ್ಚನೆಯ ನೀರಿನಲ್ಲಿ ನೆನೆಸಿದೆ.

ಅಚ್ಚಿನ ಬಣ್ಣ ನೀರಿಗೆ ಬಿಡಬಾರದು. ಆದರೆ ನೀರು ಕೆಂಪಾಯಿತು, ನೋಡನೋಡುತ್ತಾ ಐಸಿನಂತೆ ತಣ್ಣಗಾಯಿತು. ಚೀಟಿಯಲ್ಲಿ ಉಡುಪು, ಕಿರೀಟ ಹಾಗೇ ಇದ್ದವು; ಮುಖವಿದ್ದಲ್ಲಿ ಮಾತ್ರ ಬರಿಯ ಕಾಗದ.

ಮಗು ಕಾಯುತ್ತಿದ್ದಾಳೆಂದು ಹಾಗೇ ಪೋಸ್ಟ್ ಮಾಡಿದೆ.

ಐದನೇ ದಿನ ವಾರಿಜ ವಿಡಿಯೋ ಕಾಲ್ ಮಾಡಿದಳು. ಇಂಚರಳ ಮುಖವೆಲ್ಲ ಬಿಳಿ, ಕಣ್ಣಿನ ಸುತ್ತ ಅದೇ ಕೆಂಪು.

"ಸ್ಟಾಂಪ್ ಹಿಡ್ಕೊಂಡೇ ಮಲಗಿದ್ಲು ಅಣ್ಣ. ಸೋಪ್ ಹಾಕಿ ಉಜ್ಜಿದ್ರೂ ಹೋಗ್ತಿಲ್ಲ."

"ಇಟ್ಸ್ ಕೋಲ್ಡ್, ಮಾಮಾ," ಎಂದಳು ಇಂಚರ.

ನಮ್ಮಪ್ಪ ಯಕ್ಷಗಾನದ ವೇಷಧಾರಿ. ಆಟ ಮುಗಿದ ಮೇಲೆ ಅವರ ಮುಖದ ಬಣ್ಣ ತೆಗೆಯುತ್ತಿದ್ದವರು ನಾವಿಬ್ಬರೇ.

"ಅಪ್ಪಂಗೆ ಮಾಡ್ತಿದ್ವಲ್ಲ, ಹಾಗೇ ತೆಂಗಿನೆಣ್ಣೆ ಹಚ್ಚಿ ಒರೆಸು," ಎಂದೆ.

ಅರ್ಧ ಗಂಟೆಗೆ ಮೆಸೇಜು ಬಂತು: "ಬಣ್ಣ ಹೋಯ್ತು."

ಇದಾಗಿ ಎಂಟು ತಿಂಗಳು. ತಂಗಿ ದಿನವೂ ಫೋನ್ ಮಾಡುತ್ತಾಳೆ. ಇಂಚರಳ ಮುಖ ತೋರಿಸು ಎಂದರೆ ಕಾಲ್ ಕಟ್ ಮಾಡುತ್ತಾಳೆ. ಮೆಲ್ಬರ್ನಿಗೆ ಒಂದೂವರೆ ಗಂಟೆಯ ಫ್ಲೈಟು. ಮೂರು ಸಲ ಟಿಕೆಟ್ ಬುಕ್ ಮಾಡಿದ್ದೇನೆ. ಮೂರು ಸಲವೂ, ಚೀಟಿಯಲ್ಲಿ ಮುಖವಿದ್ದಲ್ಲಿನ ಆ ಬರಿಯ ಕಾಗದ ನೆನಪಾಗಿ, ಏರ್‌ಪೋರ್ಟಿನಿಂದ ವಾಪಸು ಬಂದಿದ್ದೇನೆ.