ಇಪ್ಪತ್ತನೇ ದಿನದ ಗಾಳಿ

ಬಾಲದ ಎರಡು ಗರಿ ಮಾತ್ರ ಸಮತಾಳ ಕೈಯಲ್ಲಿ ಉಳಿದವು. ಕೆಂಪಿ ಕೋಳಿ ಕಿರುಚುತ್ತ ರೆಕ್ಕೆ ಬಡಿದು, ಗೋಡೆ ಹಾರಿ ಆಚೆ ಹೋಯಿತು.

"ಹೋತಲ್ಲಕ್ಕ," ಎಂದ ತಮ್ಮ ಪ್ರಬುದ್ಧ. ಅವನ ಒಂದು ಕೈಯಲ್ಲಿ ಸ್ಟೀಲ್ ತಟ್ಟೆ, ಇನ್ನೊಂದರಲ್ಲಿ ಸೌಟು. ಕೋಳಿಗಳನ್ನು ಒಂದು ಮೂಲೆಗೆ ಓಡಿಸಲು ಅವನು ಇಷ್ಟು ಹೊತ್ತು ಢಣಢಣ ಬಾರಿಸುತ್ತಿದ್ದ.

"ನೀನು ಬಾರಿಸಿದ್ದಕ್ಕ ಹೋತು."

"ನೀನೇ ಬಾರ್ಸು ಅಂದಿ."

ಅದು ನಿಜವಾಗಿತ್ತು. ಸಮತಾ ಗರಿಗಳನ್ನು ಕೆಳಗೆ ಬಿಸಾಡಿದಳು.

ಅರ್ಧ ಗಂಟೆ ಹಿಂದೆ ಅಮ್ಮ ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯಿಂದ ಫೋನ್ ಮಾಡಿದ್ದಳು. ಅಮ್ಮ ಅಲ್ಲಿ ನರ್ಸ್. ಅಪ್ಪ ಬಸ್ ಡ್ರೈವರ್, ಹರಪನಹಳ್ಳಿ ಕಡೆ ಡ್ಯೂಟಿಗೆ ಹೋಗಿದ್ದ. ಇಬ್ಬರೂ ರಾತ್ರಿಯವರೆಗೆ ಬರುವಂತಿರಲಿಲ್ಲ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿದೆ, ನಾಲ್ಕು ಗಂಟೆ ಮೇಲೆ ಇಲ್ಲಿಗೂ ಜೋರು ಗಾಳಿ, ಆಲಿಕಲ್ಲು ಮಳೆ ಬರುತ್ತದೆ ಎಂದು ಎಲ್ಲರ ಮೊಬೈಲಿಗೂ ಮೆಸೇಜ್ ಬಂದಿತ್ತು.

"ಸಮುದ್ರ ಅಷ್ಟು ದೂರ ಐತಿ. ಗಾಳಿ ಇಲ್ಲಿಗೆ ಹೆಂಗ ಬರ್ತತಿ? ಪಪ್ಪನ ಬಸ್ಸಿಗೆ ಬರ್ತತೇನು?" ಎಂದು ಪ್ರಬುದ್ಧ ಕೇಳಿದ್ದ. ಅವನಿಗೆ ಆರು ವರ್ಷ.

ಸಮತಾ ನಕ್ಕಿರಲಿಲ್ಲ. ಅವಳ ತಲೆ ತುಂಬ ಕೋಳಿಗಳೇ ಇದ್ದವು. ಕೋಳಿಗಳು ಮಲಗುವುದು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ. ಹೋದ ವರ್ಷದ ಗಾಳಿಗೆ ತಗಡು ಎದ್ದು ಬಿದ್ದು ಮೂರು ಕೋಳಿ ಸತ್ತಿದ್ದವು. ಈ ಸಲ ಎಲ್ಲವನ್ನೂ ಹಿಡಿದು, ಆರ್‌ಸಿಸಿ ಚಾವಣಿ ಇರುವ ಬಚ್ಚಲುಮನೆಯಲ್ಲಿ ಕೂಡಿಹಾಕಬೇಕು ಎಂದು ಅವಳೇ ಪ್ಲಾನ್ ಮಾಡಿದ್ದಳು. ಪ್ಲಾನ್ ಚೆನ್ನಾಗಿಯೇ ಇತ್ತು. ಆದರೆ ಈಗ ಎರಡು ಕೋಳಿ ಬೇವಿನ ಮರದ ಮೇಲಿದ್ದವು. ಹುಂಜ ನೀರಿನ ಟ್ಯಾಂಕಿನ ಮೇಲಿತ್ತು. ಉಳಿದವು ಎಲ್ಲಿದ್ದವೋ.

ಗೋಡೆಯಾಚೆಯಿಂದ ಪಕ್ಕದ ಮನೆಯ ಹೊನ್ನೂರಮ್ಮನ ತಲೆ ಕಾಣಿಸಿತು. ಒಣಗಿದ ಬಟ್ಟೆಯ ರಾಶಿ ಅವಳ ಹೆಗಲ ಮೇಲಿತ್ತು.

"ಏನವ್ವಾ ಸಮತಾ, ಕೋಳಿಗೆ ಕಬಡ್ಡಿ ಕಲಿಸಾಕತ್ತೀಯೇನು?"

"ನಮ್ ಕೆಂಪಿ ನಿಮ್ ಕಡಿ ಬಂತಾ ದೊಡ್ಡವ್ವ?"

"ಬಂತು. ಸೌದಿ ರಾಶಿ ಸಂದ್ಯಾಗ ಹೊಕ್ಕಂತು. ಕೈ ಹಾಕಿದ್ರ ಕುಕ್ಕತೈತಿ, ನಾ ಒಲ್ಲೆ."

ಬೇರೆ ಕೋಳಿ ಆಗಿದ್ದರೆ ಸಮತಾಳಿಗೆ ಇಷ್ಟು ಚಿಂತೆಯಾಗುತ್ತಿರಲಿಲ್ಲ. ಕೆಂಪಿ ಕಾವಿಗೆ ಕೂತ ಕೋಳಿ. ಹನ್ನೊಂದು ಮೊಟ್ಟೆಗಳನ್ನು ಸಮತಾಳೇ ಆರಿಸಿ, ಬುಟ್ಟಿಯಲ್ಲಿ ಬೂದಿ ಹಾಸಿ ಇಟ್ಟಿದ್ದಳು. "ಈ ಸಲದ ಮರಿ ನಿನ್ನವು, ನೀನ ಜ್ವಾಕಿ ಮಾಡ್ಕ," ಎಂದು ಅಜ್ಜಿ ಅಂದಿದ್ದಳು. ಸಮತಾ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಸುತ್ತು ಹಾಕುತ್ತ ಬಂದಿದ್ದಳು. ಇವತ್ತು ಇಪ್ಪತ್ತನೇ ಸುತ್ತು. ನಾಳೆ ಮರಿ ಹೊರಬರಬೇಕು.

ಇಪ್ಪತ್ತು ದಿನ ಕದಲದೆ ಕೂತಿದ್ದ ಕೋಳಿಯನ್ನು ಅವಳು ಇವತ್ತು ತಟ್ಟೆ ಬಾರಿಸಿ ಎಬ್ಬಿಸಿದ್ದಳು.

ಅಜ್ಜಿ ಕನಕಮ್ಮ ಹಿಂಬಾಗಿಲ ಹೊಸ್ತಿಲ ಮೇಲೆ ಮಂಡಿ ಚಾಚಿ ಕೂತಿದ್ದಳು. ಅವಳಿಗೆ ಮಂಡಿನೋವು, ಓಡುವಂತಿರಲಿಲ್ಲ. ಬೈಯುತ್ತಾಳೆ ಅಂದುಕೊಂಡು ಸಮತಾ ತಲೆ ತಗ್ಗಿಸಿದಳು.

"ಬುಟ್ಟಿ ತಗಂಡು ಬಾ," ಎಂದಳು ಅಜ್ಜಿ ಅಷ್ಟೆ.

ಸಮತಾ ಶೆಡ್ಡಿನಿಂದ ಬುಟ್ಟಿ ತಂದಳು. ಅಜ್ಜಿ ಒಂದು ಮೊಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿದಳು. ಆಮೇಲೆ ಅದನ್ನು ಮೊಮ್ಮಗಳ ಕಿವಿಗೆ ಹಿಡಿದಳು.

ಮೊದಲು ಏನೂ ಕೇಳಲಿಲ್ಲ. ಆಮೇಲೆ, ಬಹಳ ದೂರದಿಂದ ಬಂದಂತೆ, ಚಿಕ್ ಎಂದಿತು. ಮತ್ತೆ ಚಿಕ್.

"ಒಳಗ ಮಾತಾಡಾಕತ್ತೈತಿ ಅಜ್ಜಿ."

"ಮಾತಾಡ್ತತಿ. ಹೊರಗ ಬರಾಕ ಅವಸರ ಮಾಡ್ತತಿ, ನಿನ್ನಂಗ." ಅಜ್ಜಿ ಬುಟ್ಟಿಯ ಮೇಲೆ ಹಳೆ ಸೀರೆ ಹಾಸಿ, ಅದರ ಮೇಲೆ ಕಂಬಳಿ ಹೊದಿಸಿದಳು. "ಒಂದೆರಡು ತಾಸು ತಡೀತಾವು. ಅಷ್ಟ್ರಾಗ ಅವರವ್ವ ಬರ್ಬೇಕು."

"ನಾ ಸೌದಿ ರಾಶಿ ಕಿತ್ತಿ ಹಿಡ್ಕಂಡು ಬರ್ತೀನಿ."

"ಹೋದ್ರ ಇನ್ನೂ ಮುಂದಕ್ಕ ಓಡ್ತತಿ. ಈಗ ನೀನು ಅದಕ್ಕ ಬೆಕ್ಕು ಇದ್ದಂಗ."

"ಮತ್ತ ಏನ್ ಮಾಡೋದು?"

"ಕತ್ತಲಾಗ್ಲಿ. ಕತ್ತಲಾದ್ರ ಕೋಳಿಗೆ ಕಣ್ಣು ಕಾಣಲ್ಲ. ತಾವಾಗೇ ಬಂದು ಕುಂದರ್ತಾವು. ಕುಂಬಳಕಾಯಿ ಎತ್ತಿದಂಗ ಎತ್ತಬೌದು."

"ಕತ್ತಲಾಗೋದು ಏಳಕ್ಕ, ಗಾಳಿ ಬರೋದು ನಾಕಕ್ಕ ಅಜ್ಜಿ."

ಅಜ್ಜಿ ಆಕಾಶ ನೋಡಿದಳು. "ಮನಿ ಕೆಲಸ ಮಾಡ್ಕಳ್ರಿ ಮೊದ್ಲು," ಎಂದಳು.

ಕರೆಂಟು ಹೋದರೆ ಮೋಟರಿಲ್ಲ ಎಂದು ಸಮತಾ ಎಲ್ಲ ಕೊಡ, ಬಕೆಟ್, ಕೊನೆಗೆ ಪ್ರೆಶರ್ ಕುಕ್ಕರಿಗೂ ನೀರು ತುಂಬಿದಳು. ಪ್ರಬುದ್ಧ ಟಿವಿ ಪ್ಲಗ್ ಕಿತ್ತ. ಫ್ರಿಜ್ ಪ್ಲಗ್ಗನ್ನೂ ಕಿತ್ತು, ಒಳಗಿದ್ದ ಐಸ್‌ಕ್ಯಾಂಡಿ ಕರಗುತ್ತದೆ ಎಂದು ತಾನೇ ತಿಂದ. ಸಮತಾ ಗೋಡೆ ಹತ್ತಿ ಶೆಡ್ಡಿನ ತಗಡಿನ ಮೇಲಿದ್ದ ಐದು ಕಲ್ಲುಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ಗಾಳಿ ಬಂದರೆ ತಗಡಿನ ಜತೆ ಕಲ್ಲೂ ಹಾರುತ್ತದೆ, ಯಾರ ತಲೆಯೂ ಉಳಿಯುವುದಿಲ್ಲ ಎಂದು ಅಜ್ಜಿ ಹೇಳಿದ್ದಳು. ಕಲ್ಲಿನ ಬದಲು ತಗಡಿನ ತೂತಿಗೆ ತಂತಿ ಪೋಣಿಸಿ ಕಂಬಕ್ಕೆ ಬಿಗಿದಳು. ಒಂದು ಮೂಲೆ ಮುಗಿಯುವಷ್ಟರಲ್ಲಿ ಬೆರಳು ಕಾಣದಷ್ಟು ಕತ್ತಲಾಯಿತು.

ಸಮತಾ ತಲೆ ಎತ್ತಿದಳು. ಮೂಡಲ ಕಡೆಯಿಂದ ಕರಿ ಮೋಡ ಎದ್ದು ಬಂದು ಸೂರ್ಯನನ್ನೇ ನುಂಗಿತ್ತು. ಹೊನ್ನೂರಮ್ಮನ ಮನೆಯಲ್ಲಿ ಲೈಟು ಹತ್ತಿತು. ಆಗಿನ್ನೂ ಸಂಜೆ ನಾಲ್ಕು ಗಂಟೆ.

"ಅಕ್ಕ, ನೋಡಿಲ್ಲಿ," ಎಂದು ಪ್ರಬುದ್ಧ ಪಿಸುಗುಟ್ಟಿದ.

ಮರದ ಮೇಲಿನ ಎರಡು ಕೋಳಿ ಕೆಳಗಿಳಿದಿದ್ದವು. ಟ್ಯಾಂಕಿನಿಂದ ಹುಂಜ ಧೊಪ್ಪೆಂದು ಹಾರಿತು. ಬೇಲಿ ಸಂದಿಯಿಂದ ಒಂದು, ಚರಂಡಿ ಕಡೆಯಿಂದ ನಾಲ್ಕು. ಶಾಲೆ ಗಂಟೆ ಹೊಡೆದಂತೆ ಎಲ್ಲವೂ ಶೆಡ್ಡಿನತ್ತ ನಡೆದವು. ಒಂದರ ಪಕ್ಕ ಒಂದು ಅಡ್ಡ ಕಟ್ಟಿದ ಗಳದ ಮೇಲೆ ಹತ್ತಿ ಕುತ್ತಿಗೆ ಒಳಗೆಳೆದುಕೊಂಡವು. ರಾತ್ರಿಯಾಯಿತು ಎಂದೇ ಅವು ತಿಳಿದಿದ್ದವು.

"ಈಗ," ಎಂದಳು ಅಜ್ಜಿ. "ಮೆತ್ತಗ. ರೆಕ್ಕಿ ಒತ್ತಿ ಹಿಡಿ. ಬಾಯಿ ಬಿಡಬ್ಯಾಡ್ರಿ."

ಸಮತಾ ಮೊದಲ ಕೋಳಿಯನ್ನು ಎತ್ತಿದಳು. ಅದು ಕುಂಯ್ ಎಂದು ಸುಮ್ಮನಾಯಿತು. ಪ್ರಬುದ್ಧ ಬಚ್ಚಲ ಬಾಗಿಲು ತೆಗೆಯುವುದು, ಹಾಕುವುದು. ಎರಡು. ಮೂರು. ತಗಡು ಕಟಕಟ ಅನ್ನತೊಡಗಿತು. ನಾಲ್ಕು, ಐದು. ಧೂಳು ಎದ್ದು ಕಣ್ಣಿಗೆ ಹೊಕ್ಕಿತು. ಕಣ್ಣು ಮುಚ್ಚಿಕೊಂಡೇ ಸಮತಾ ಗಳ ತಡವಿ ಆರನೆಯದನ್ನು, ಏಳನೆಯದನ್ನು ಎತ್ತಿದಳು. ಹುಂಜ ಎಲ್ಲಕ್ಕಿಂತ ಭಾರ. ಎರಡೂ ಕೈ ಬೇಕಾಯಿತು. ಅದು ಎಂಟು. ಗಳ ಖಾಲಿಯಾಯಿತು.

ಕೆಂಪಿ ಬಂದಿರಲಿಲ್ಲ.

ಸಮತಾಳ ಕಾಲುಗಳು ತಾವಾಗಿಯೇ ಗೋಡೆಯ ಕಡೆ ತಿರುಗಿದವು. ಒಂದು ಹೆಜ್ಜೆ ಇಟ್ಟಳು. ಬೆಕ್ಕು ಇದ್ದಂಗ ಎಂಬ ಮಾತು ನೆನಪಾಯಿತು. ನಿಂತಳು. ಒಳಗೆ ಹೋಗಿ ಬುಟ್ಟಿ ತಂದು ಹೊಸ್ತಿಲ ಒಳಗಿಟ್ಟು, ಕಂಬಳಿ, ಸೀರೆ ತೆಗೆದು, ಪಕ್ಕದಲ್ಲಿ ನೆಲಕ್ಕೆ ಕೂತಳು. ಅಜ್ಜಿ ಸ್ವಲ್ಪ ಹಿಂದಕ್ಕೆ ಸರಿದು ಜಾಗ ಕೊಟ್ಟಳು.

"ಕೆಂಪೀ..." ಎಂದು ಶುರು ಮಾಡಿದ ಪ್ರಬುದ್ಧನ ಬಾಯನ್ನು ಸಮತಾ ಕೈಯಿಂದ ಮುಚ್ಚಿದಳು.

ಗೋಡೆಯ ಮೇಲೆ ಏನೋ ಕಪ್ಪಗೆ ಕಂಡಿತು. ಕೆಂಪಿ. ಗಾಳಿಗೆ ಅದರ ಬಾಲ ಛತ್ರಿಯ ಹಾಗೆ ಬಿಚ್ಚಿಕೊಂಡಿತ್ತು. ಕೆಳಗೆ ಹಾರಿ ನೇರ ಶೆಡ್ಡಿಗೆ ಹೋಯಿತು. ಬುಟ್ಟಿ ಇದ್ದ ಮೂಲೆಯಲ್ಲಿ ಬುಟ್ಟಿ ಇರಲಿಲ್ಲ. ಒಂದು ಸುತ್ತು ಹಾಕಿತು. ಇನ್ನೊಂದು ಸುತ್ತು. ಮೇಲೆ ತಗಡು ದಡದಡ ಎದ್ದು ಕೂರುತ್ತಿತ್ತು.

ಹಿಡಿದುಬಿಡಬಹುದು. ಐದೇ ಹೆಜ್ಜೆ. ಸಮತಾ ತನ್ನ ಮೊಣಕಾಲುಗಳನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಆಮೇಲೆ ಒಂದು ಮೊಟ್ಟೆ ಎತ್ತಿ ಉಗುರಿನಿಂದ ಮೆಲ್ಲಗೆ ತಟ್ಟಿದಳು.

ಚಿಕ್.

ಶೆಡ್ಡಿನ ಬಾಯಲ್ಲಿ ಕೆಂಪಿ ಕುತ್ತಿಗೆ ಉದ್ದ ಮಾಡಿತು.

ಮತ್ತೆ ತಟ್ಟಿದಳು. ಒಂದಲ್ಲ, ಎರಡು ಮೊಟ್ಟೆ ಉತ್ತರ ಕೊಟ್ಟವು. ಕೆಂಪಿ ಕೊಕ್ ಕೊಕ್ ಎನ್ನುತ್ತ ಹೊರಬಂತು. ಮೊದಲ ಆಲಿಕಲ್ಲು ಅದರ ಮುಂದೆಯೇ ಬಿದ್ದು ಪುಟಿಯಿತು. ಕೆಂಪಿ ನಿಂತಿತು. ಸಮತಾ ಇನ್ನೊಮ್ಮೆ ಮೊಟ್ಟೆ ತಟ್ಟಿದಳು. ಕೋಳಿ ಹೊಸ್ತಿಲಿಗೆ ಬಂತು. ಅವಳ ಕೈಗೆ ಗೇಣು ದೂರದಲ್ಲಿ, ಎರಡು ಗರಿ ಕಿತ್ತುಹೋದ ಬಾಲ. ಕೈ ಚಾಚಿದರೆ ಸಿಗುತ್ತಿತ್ತು. ಚಾಚಲಿಲ್ಲ.

ಕೆಂಪಿ ಹೊಸ್ತಿಲು ದಾಟಿ, ಅವಳ ಪಾದ ತುಳಿದು, ಬುಟ್ಟಿ ಹತ್ತಿತು. ಮೊಟ್ಟೆಗಳನ್ನು ಕೊಕ್ಕಿನಿಂದ ಸರಿಮಾಡಿ, ಮೈಯುಬ್ಬಿಸಿ ಕೂತಿತು.

ಅಜ್ಜಿ ಕಾಲಿನಿಂದ ಬಾಗಿಲು ನೂಕಿದಳು. ಚಿಲಕ ಬೀಳುವುದಕ್ಕೂ ಹೊರಗೆ ತಗಡು ಕಿತ್ತುಕೊಂಡ ಸದ್ದಾಗುವುದಕ್ಕೂ ಸರಿಹೋಯಿತು. ಕರೆಂಟು ಹೋಯಿತು. ಪ್ರಬುದ್ಧ ಟಾರ್ಚ್ ಹತ್ತಿಸಿ ಕುಣಿಯತೊಡಗಿದ. ಈ ಸಲ ಯಾರೂ ಅವನನ್ನು ತಡೆಯಲಿಲ್ಲ. ಹೊರಗೆ ಅವನಿಗಿಂತ ಹೆಚ್ಚು ಸದ್ದಿತ್ತು.

ಬೆಳಿಗ್ಗೆ ಶೆಡ್ಡಿನ ತಗಡು ತಂತಿ ಕಟ್ಟಿದ ಒಂದೇ ಮೂಲೆಯಿಂದ ತೂಗುತ್ತಿತ್ತು, ರೊಟ್ಟಿ ಮಡಚಿದ ಹಾಗೆ. ಗಳ ಎರಡು ತುಂಡಾಗಿತ್ತು. ಬುಟ್ಟಿಯಲ್ಲಿ ಆರು ಮರಿ ಹೊರಬಂದಿದ್ದವು. ಮಧ್ಯಾಹ್ನಕ್ಕೆ ಒಂಬತ್ತಾದವು. ಎರಡು ಮೊಟ್ಟೆ ಒಡೆಯಲೇ ಇಲ್ಲ. ಅಜ್ಜಿ ಅವನ್ನು ತಿಪ್ಪೆಯಲ್ಲಿ ಹೂತು ಬಂದಳು. ನನ್ನಿಂದ ಹೀಗಾಯಿತೇ ಎಂದು ಸಮತಾ ಕೇಳಿದಳು. "ಇದ್ರೂ ಇರಬೌದು, ಇಲ್ದಿದ್ರೂ ಇಲ್ಲ. ಯಾರು ಕಂಡಾರ," ಎಂದಳು ಅಜ್ಜಿ.

ಅಷ್ಟರಲ್ಲಿ ಬಚ್ಚಲ ಬಾಗಿಲ ಸಂದಿಯಿಂದ ಹುಂಜ ನುಸುಳಿ ಹೊರಗೋಡಿತು. ಪ್ರಬುದ್ಧ ತಟ್ಟೆ, ಸೌಟು ಹಿಡಿದು ಅದರ ಹಿಂದೆ ಹೊರಟ. ಸಮತಾ ಅವನ ಅಂಗಿ ಹಿಡಿದು ಎಳೆದಳು.

"ಕುಂದ್ರು."

"ಹಿಡಿಬೇಕಲ್ಲಕ್ಕ."

"ಕುಂದ್ರು ಅಂದ್ನಿ."

"ಎಷ್ಟೊತ್ತು?"

ಸಮತಾ ಒಂದು ಹಿಡಿ ಜೋಳವನ್ನು ತನ್ನ ಕಾಲ ಬಳಿ ಚೆಲ್ಲಿದಳು. ಗೋಡೆಯಾಚೆಯಿಂದ ಹೊನ್ನೂರಮ್ಮನ ತಲೆ ಎದ್ದಿತು.

"ಏನವ್ವಾ, ಇವತ್ತ ಕಬಡ್ಡಿ ಇಲ್ಲೇನು?"

ಸಮತಾ ಹುಂಜದ ಕಡೆ ನೋಡಲೇ ಇಲ್ಲ. ಸುಮ್ಮನೆ ಬೇವಿನ ಮರ ನೋಡುತ್ತ ಕೂತಳು. ಪಕ್ಕದಲ್ಲಿ ಪ್ರಬುದ್ಧ ತಟ್ಟೆಯನ್ನು ಸದ್ದಾಗದಂತೆ ನೆಲಕ್ಕಿಟ್ಟ. ಹುಂಜ ಒಂದು ಹೆಜ್ಜೆ ಹತ್ತಿರ ಬಂತು.