ದಾರ ಬಿಚ್ಚಿದ ಸೈನಿಕರು

ನವೆಂಬರ್ ಹದಿನೆಂಟರ ಬೆಳಿಗ್ಗೆ ಚಳ್ಳಕೆರೆ ಠಾಣೆಗೆ ಬಂದ ಎಣ್ಣೆ ಮಿಲ್ಲಿನ ಸೋಮಶೇಖರಪ್ಪನವರು, ಕುರ್ಚಿ ತೋರಿಸಿದರೂ ಕೂರಲಿಲ್ಲ. ಮಗ ಅಮರೇಶ್ ತೀರಿಕೊಂಡು ವಾರ ದಾಟಿತ್ತು, ಮರುದಿನ ಶಿವಗಣಾರಾಧನೆ. ಅವನು ಬಣ್ಣ ಹಚ್ಚುತ್ತಿದ್ದ ಹೆಬ್ಬೆರಳುದ್ದದ ಸೈನಿಕರ ಬೊಂಬೆಗಳನ್ನು ಫೋಟೋದ ಮುಂದೆ ಇಡೋಣವೆಂದು ಕೋಣೆ ತೆಗೆದರೆ, ಕಪಾಟಿನ ಕೆಳಗಿನ ಹಲಗೆಗಳು ಬರಿದಾಗಿದ್ದವು.

"ಕಳ್ಳರು ಯಾರಂತ ಗೊತ್ತೈತೆ, ಬರ್ಕೊಳ್ರಿ ಮೇಡಂ. ನನ್ನ ಸೊಸೆ ವಾಣಿಶ್ರೀ. ತವರಿಗೆ ಸಾಗಿಸ್ಯಾಳೆ."

"ನೋಡಿದೋರು ಇದಾರಾ?" ಸಬ್ ಇನ್‌ಸ್ಪೆಕ್ಟರ್ ನಾಗರತ್ನ ಕೇಳಿದಳು.

"ನೋಡೋದೇನೈತೆ? ಬೀಗ ಒಡೆದಿಲ್ಲ. ಬೀಗದಕೈ ಅವಳ ಹತ್ರ ಐತೆ. ಬೊಂಬೆ ಸಿಗದಿದ್ರೆ ನಾಳೆ ಅವಳನ್ನ ನನ್ನ ಮಗನ ಫೋಟೋದ ಮುಂದೆ ಕೂರಿಸಾಕಿಲ್ಲ."

ಆಡಿದ್ದನ್ನು ಮಾಡುವ ಮನುಷ್ಯ ಎಂದು ಊರೆಲ್ಲ ಬಲ್ಲದು. ಗಂಡನ ಆರಾಧನೆಯ ದಿನ ಹೊರಗೆ ನಿಂತ ಹೆಣ್ಣು ಆಮೇಲೆ ಆ ಹೊಸ್ತಿಲು ತುಳಿಯುವುದು ಹೇಗೆ? ಮನೆಗಳ್ಳತನದ ಕಲಂ 305ರಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ನಾಗರತ್ನ 'ಅಪರಿಚಿತ' ಎಂದೇ ಬರೆಸಿದಳು. ಮುದುಕರು ಕೈಮುಗಿಯದೆ ಹೊರಟು ಹೋದರು. ಅವಳಿಗೂ ಕೂತಲ್ಲಿ ಕೂರಲಾಗಲಿಲ್ಲ. ಇದ್ದದ್ದೊಂದು ಹಗಲು, ಅದೂ ಏರುತ್ತಿತ್ತು.

ಕೋಣೆ ಮಿಲ್ಲಿನ ಹಿಂದಿತ್ತು. ಪಂಚರ ಎದುರು ಕಾನ್‌ಸ್ಟೆಬಲ್ ಮಾರುತೇಶ ಪಂಚನಾಮೆ ಬರೆಯತೊಡಗಿದ. ವಾಣಿಶ್ರೀ ಬಾಗಿಲಲ್ಲೇ ನಿಂತಿದ್ದಳು.

"ಯಾವುದು ಮುಗೀತು, ಯಾವುದು ಬಾಕಿ ಅಂತ ನಿಮ್ಮ ಮನೆಯವರಿಗೆ ಹೆಂಗೆ ತಿಳೀತಿತ್ತು?" ಮೇಲಿನ ಹಲಗೆಯ ಬೊಂಬೆಗಳನ್ನು ನೋಡುತ್ತ ನಾಗರತ್ನ ಕೇಳಿದಳು.

"ರೇಷ್ಮೆ ಎಳೆ ಕಟ್ತಿದ್ರು ಮೇಡಂ, ಕೊರಳಿಗೆ. ಬರೀ ಬಿಳಿ ಬಳಿದಿದ್ದಕ್ಕೆ ಬಿಳಿ ಎಳೆ. ಮೈಬಣ್ಣ ಆದ್ರೆ ಹಳದಿ. ಕಣ್ಣೊಂದೇ ಉಳಿದ್ರೆ ಕೆಂಪು. ಅದೂ ಆದ್ಮೇಲೆ ಎಳೆ ಬಿಚ್ಚಿ ಮ್ಯಾಲಿನ ಹಲಗೆಗೆ ಏರಿಸೋರು. ಸೋಮವಾರ ಸೋಮವಾರ ಕಪಾಟಿನ ಫೋಟೋ ತೆಗೆಯೋರು."

"ನಮ್ಮ ಪೆಂಡಿಂಗ್ ಕೇಸಿಗೂ ಹಿಂಗೇ ಕಟ್ಟಬೋದು ಮೇಡಂ," ಎಂದ ಮಾರುತೇಶ.

"ಅಷ್ಟು ದಾರ ಚಳ್ಳಕೆರೆಯಾಗೆ ಸಿಗಲ್ಲ. ನೀ ಬರಿ."

ನಾಗರತ್ನ ಅಮರೇಶನ ಫೋನಿನಲ್ಲಿದ್ದ ಕೊನೆಯ ಫೋಟೋವನ್ನು ಕಪಾಟಿನ ಪಕ್ಕ ಹಿಡಿದಳು. ಮೇಲಿನ ಹಲಗೆಯ ಕುದುರೆ ಸವಾರರು, ಜರಿ ಪೇಟದ ಪಾಳೆಯಗಾರ, ಅಂಬಾರಿಯ ಆನೆ ಎಲ್ಲ ಇದ್ದ ಹಾಗೆಯೇ ಇದ್ದವು. ಹೋದವೆಲ್ಲ ಕೊರಳಲ್ಲಿ ಎಳೆಯಿದ್ದ, ಮುಗಿಯದ ಬೊಂಬೆಗಳು.

"ಮಾರೋನಾಗಲಿ, ನೆನಪಿಗಂತ ಇಟ್ಕೊಳ್ಳೋರಾಗಲಿ, ಮುಗಿದಿದ್ದು ಬಿಟ್ಟು ಅರ್ಧಂಬರ್ಧ ಆಗಿದ್ದನ್ನ ಒಯ್ತಾರೇನೋ ಮಾರುತೇಶ?"

ಬರಿದಾದ ಹಲಗೆಯ ಮೂಲೆಯಲ್ಲಿ ಸಣ್ಣ ಸುರುಳಿಯೊಂದಿತ್ತು. ಬಿಳಿ, ಹಳದಿ, ಕೆಂಪು ಎಳೆಗಳು ಒಂದಕ್ಕೊಂದು ಸೇರಿ ಒಂದೇ ದಾರವಾಗಿದ್ದವು. ಬೆರಳ ನಡುವೆ ಎಳೆದು ನೋಡಿದಳು. ಎಲ್ಲಿಯೂ ಗಂಟು ತಗಲಲಿಲ್ಲ. ತುದಿಗೆ ತುದಿ ಇಟ್ಟು ಹೊಸೆದ ಕೆಲಸ. ಅವಳ ಅವ್ವನೂ ಮಗ್ಗದಲ್ಲಿ ಕೂತವಳೇ. ತುಂಡು ರೇಷ್ಮೆ ಕೈಗೆ ಸಿಕ್ಕರೆ ನೇಕಾರರು ಎಸೆಯಲಾರರು. ಮಾತಾಡುತ್ತಿದ್ದರೂ, ಅಳುತ್ತಿದ್ದರೂ ಬೆರಳು ತಾನೇ ಹೊಸೆಯುತ್ತದೆ.

"ಇಲ್ಲಿಗೆ ಯಾವ ನೇಕಾರರು ಬರ್ತಿದ್ರು?"

ವಾಣಿಶ್ರೀ ತಲೆ ತಗ್ಗಿಸಿದಳು. "ಮೊಳಕಾಲ್ಮೂರಿಂದ ಒಬ್ರು ಹಿರಿಯರು. ಇವರಿಗೆ ಕುಂಚ ಹಿಡಿಯೋದು ಕಲಿಸಿದೋರು. ಮಾವ ಗೇಟಿನಾಗೆ ಬೈದು ಅಟ್ಟಿದ ಮ್ಯಾಲೆ ಹಿತ್ತಲ ಬಾಗಿಲಿಂದ ಬರೋರು. ಇನ್ನೊಂದು ಬೀಗದಕೈ ಗೂಡಿನಾಗೆ ಇರೋದು ಅವರಿಗೆ ಗೊತ್ತು."

"ಬೆಳಿಗ್ಗೆ ಮಾವನಿಗೆ ಇಷ್ಟು ಹೇಳಿದ್ರೆ ಆಗ್ತಿರಲಿಲ್ವಾ?"

"ಹೇಳಬ್ಯಾಡ ಅಂತ ಇವರು ಮಾತು ತಗೊಂಡಿದ್ರು. ಅದನ್ನ ವಾಪಸ್ ಕೊಡಾಕೆ ಈಗ ಅವರಿಲ್ಲ."

ಜೀಪು ಕೂಡಲೇ ಅತ್ತ ಹೊರಟಿತು. ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿ ಬೊಂಬೆಗೆ ಬಣ್ಣ ಹಚ್ಚುವವರು ಯಾರೆಂದು ಕೇಳಿದಾಗ, ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ಕೊನೆಯ ಮನೆ ತೋರಿಸಿದಳು. "ದೊಡ್ಡೀರಪ್ಪ ಕಣಮ್ಮಾ. ಹೆಂಡ್ತಿ ಸತ್ತಾಗಲೂ ಇಷ್ಟು ಸೊರಗಿರಲಿಲ್ಲ ಬಿಡು."

ಮಗ್ಗದ ಪಕ್ಕ, ಕಿಟಕಿಯ ಬೆಳಕಿಗೆ, ಸೈನಿಕರು ಸಾಲಾಗಿ ನಿಂತಿದ್ದರು. ಅಂಗಿ, ನಡುಪಟ್ಟಿ, ಮೀಸೆ ಎಲ್ಲ ಆಗಿದ್ದವು. ಕಣ್ಣಿನ ಜಾಗ ಮಾತ್ರ ಖಾಲಿ. ಕುಂಚ ಹಿಡಿದಿದ್ದ ದೊಡ್ಡೀರಪ್ಪ ತಿರುಗಿ ನೋಡಿದ.

"ಕದ್ದಿದ್ದು ನೀವಾ?"

"ತಂದಿದ್ದು ನಾನು. ಏನಂತ ಬರ್ಕೊಂತೀರೋ ಬರ್ಕಳ್ರಿ."

"ಕೇಳಿ ತರಬೋದಿತ್ತಲ್ಲ?"

"ಯಾರನ್ನ? ಬೊಂಬೆ ಆಟ ಕಲಿಸಿ ಮಗನ್ನ ಕೆಡಿಸಿದೆ ಅಂತ ನನ್ನ ಕೊರಳಪಟ್ಟಿ ಹಿಡಿದೋರನ್ನಾ? ಹುಡುಗನ ಮಣ್ಣಿಗೂ ದೂರ ನಿಂತು ಬಂದೆ." ಅವನು ಕುಂಚ ಕೆಳಗಿಟ್ಟ. "ಸೀರೆ ಅರ್ಧಕ್ಕೆ ಬಿಟ್ಟು ನೇಕಾರ ಹೋದ್ರೆ, ಸತ್ತೋನ ದಿನ ಮಾಡೋದರೊಳಗೆ ಇನ್ನೊಬ್ಬ ಕೂತು ಅದನ್ನ ಮುಗಿಸ್ತೀವಿ ಕಣಮ್ಮ ನಮ್ಮ ಕೇರಿಯಾಗೆ. ಇಲ್ದಿದ್ರೆ ಹೋದೋನ ಕೈ ಅಲ್ಲೇ ಸಿಕ್ಕಂಡಿರುತ್ತೆ. ಅವನ ಕೈ ಬಿಡಿಸಾಣ ಅಂತ ತಂದೆ. ಮುಗಿಸೇ ತೀರ್ತೀನಂತ ದಾರ ಅಲ್ಲೇ ಬಿಚ್ಚಿದೆ. ಆಮೇಲೆ ಹೋಗಿ ಇಡ್ತಿದ್ದೆ."

"ಕಣ್ಣು?"

ಅವನು ಬಲಗೈ ಚಾಚಿದ. ಅದು ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಿತ್ತು. "ಎರಡು ವರ್ಷದಿಂದ ಹಿಂಗೇ. ಕಣ್ಣು ಅವನೇ ಬರೀತಿದ್ದ. ನಾನೂ ಮೂರು ದಿನದಿಂದ ನೋಡ್ತಾ ಇದ್ದೀನಿ, ಆಗವಲ್ದು."

"ಇದರಿಂದ ವಾಣಿಶ್ರೀ ಕಳ್ಳಿ ಅನ್ನಿಸ್ಕೊಂಡು ಕೂತಿದಾಳೆ."

ದೊಡ್ಡೀರಪ್ಪ ಎದ್ದುಬಿಟ್ಟ. "ಆ ಮಗೂನಾ? ನಡೀರಿ. ಆ ಗೇಟಿಗೇ ಕರ್ಕೊಂಡು ಹೋಗ್ರಿ ನನ್ನ."

ಸಂಜೆ ನಾಲ್ಕೂಮುಕ್ಕಾಲಿಗೆ ಬಂಧನ ದಾಖಲಾಯಿತು. ಬೊಂಬೆಗಳನ್ನು ಹತ್ತಿಯಲ್ಲಿ ಸುತ್ತಿ, ಜಪ್ತಿ ಪಂಚನಾಮೆ ಮಾಡಿ ಚಳ್ಳಕೆರೆಗೆ ತಂದರು. ಗುರುತಿಸಲು ಬಂದ ಸೋಮಶೇಖರಪ್ಪನವರು ನಾಗರತ್ನ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಒಂದು ಬೊಂಬೆಯನ್ನು ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಬೆಂಚಿನ ಮೇಲಿದ್ದ ದೊಡ್ಡೀರಪ್ಪನ ಕಡೆ ನೋಡದೆಯೇ ಕೇಳಿದರು:

"ಈ ಕೆಲಸದಾಗೆ ನನ್ನ ಮಗ ಹೆಂಗಿದ್ದ?"

"ನನಗಿಂತ ಮೇಲಿದ್ದ ಯಜಮಾನ್ರೇ. ನೀವು ಒಂದ್ಸಲ ನೋಡಬೇಕಿತ್ತು."

ಮುದುಕರು ಹೊರಗೆ ಬಂದರು. ಬೇವಿನ ಮರದ ಕೆಳಗೆ ವಾಣಿಶ್ರೀ ನಿಂತಿದ್ದಳು. "ನಡಿಯವ್ವ ಮನೆಗೆ," ಎಂದರು. "ನಾಳೆ ನೀನೇ ಮುಂದೆ ಕೂರಬೇಕು."

ಮರುದಿನ ಆರೋಪಿಯನ್ನು ನ್ಯಾಯಾಲಯಕ್ಕೆ ಕರೆದೊಯ್ಯುವಾಗ ಮಿಲ್ಲಿನ ಅಂಗಳದಿಂದ ಮಂತ್ರದ ದನಿ ಕೇಳಿಸಿತು. ನಾಗರತ್ನ ಜೀಪು ನಿಲ್ಲಿಸಿದಳು. ದೊಡ್ಡೀರಪ್ಪ ಕೂತಲ್ಲೇ ಚಪ್ಪಲಿ ಬಿಟ್ಟು, ನಡುಗುವ ಕೈಗಳನ್ನು ಎದೆಗೊತ್ತಿ ಜೋಡಿಸಿ ಕಣ್ಣು ಮುಚ್ಚಿದ.

"ಶಿವಪ್ಪಾ, ನಮ್ಮ ಅಮರೇಶ ನಿನ್ನ ಹತ್ರ ಬಂದಾನೆ. ದಣಿದಾನೆ. ನಿನ್ನ ಪಾದದಾಗೆ ಜಾಗ ಕೊಡು, ಅವನ ಜೀವಕ್ಕೆ ಶಾಂತಿ ಕೊಡು."